ಸ್ಪೀಕರಿನ ಹಿಂದಿನ ಲಾಳ

ನನ್ನ ಮೊಮ್ಮಗಳು ತಾಲ್ಲೂಕಿನ ವಚನ ಗಾಯನ ಸ್ಪರ್ಧೆಯಲ್ಲಿ ಮೊದಲನೆಯವಳಾಗಿ ಬಂದಳು. ಇದನ್ನು ವಾಡಿ ಸ್ಟೇಶನ್ನಿನ ಚಹಾದವನಿಗೆ ಹೇಳಿದ್ದೇನೆ, ಹಿಟ್ಟಿನ ಗಿರಣಿಯವನಿಗೆ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಈಗ ನಿಮಗೂ ಹೇಳಿಬಿಟ್ಟೆ. ಅವಳ ಸಂಗೀತದ ಮಾಸ್ತರರು ಆ ಹಾಡನ್ನು ಒಳ್ಳೆಯ ಮೈಕಿನಲ್ಲಿ ಹಿಡಿದು ಫೋನಿಗೆ ಕಳಿಸಿದರು. ಆದರೆ ಫೋನಿನಲ್ಲಿ ನನ್ನ ಕೂಸಿನ ದನಿ ತಗಡಿನ ಡಬ್ಬಿಯಲ್ಲಿ ಸಿಕ್ಕ ಜೇನುಹುಳದ ಹಾಗೆ ಕೇಳುತ್ತಿತ್ತು. ರವಿವಾರ ನಮ್ಮ ದೊಡ್ಡ ಸ್ಪೀಕರಿನಲ್ಲಿ ಕೇಳೋಣ ಎಂದು ಅವಳಿಗೆ ಮಾತು ಕೊಟ್ಟೆ.

ಆ ಸ್ಪೀಕರುಗಳು ಸೊಂಟದೆತ್ತರದ ಕಟ್ಟಿಗೆಯ ಜೋಡಿ. ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಇಂಜಿನಿಯರ್ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಅವನ್ನು ನನಗೆ ಕೊಟ್ಟು ಹೋದರು. ಅಂಥವು ಈಗ ಹುಡುಕಿದರೂ ಸಿಗುವುದಿಲ್ಲ. ಅವುಗಳಿಗೆ ಯಾರೋ ಹಚ್ಚಿಕೊಟ್ಟಿದ್ದ ಆಂಪ್ಲಿಫೈಯರ್ ಹೋದ ಬೇಸಿಗೆಯಲ್ಲಿ ಹೊಗೆಯಾಡಿ ಸತ್ತಿತು. ಸಾಯುವ ಮೊದಲು ಒಂದು ಸ್ಪೀಕರನ್ನು ಕೆಮ್ಮಿಸಿಯೂ ಬಿಟ್ಟಿತು. ಇನ್ನೊಮ್ಮೆ ತಪ್ಪು ಡಬ್ಬಿ ತಂದರೆ ಜೋಡಿಯೇ ಹೋಗುತ್ತದೆ, ಕೂಸಿನ ದನಿ ಫೋನಿನಲ್ಲೇ ಉಳಿಯುತ್ತದೆ ಎಂಬ ಅಂಜಿಕೆ ನನಗೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ರೈಲ್ವೆಯಲ್ಲಿ ಖಲಾಸಿಯಾಗಿದ್ದೆ. ಗಾಡಿ ಬಂದು ನಿಂತ ಕೂಡಲೇ ಗಾಲಿಯ ಬೇರಿಂಗನ್ನು ಮುಟ್ಟಿ ನೋಡುವುದು ನಮ್ಮ ಕೆಲಸ. ಅಂಗೈಯಿಂದ ಅಲ್ಲ, ಕೈಯ ಬೆನ್ನಿನಿಂದ. ಅಂಗೈ ದುಡಿದು ದಪ್ಪಗಾಗಿರುತ್ತದೆ, ಅದಕ್ಕೆ ಬಿಸಿ ತಿಳಿಯುವುದಿಲ್ಲ. ಹಾಗೆ ಮುಟ್ಟಿ ಮುಟ್ಟಿ, ಸರಿಯಾಗಿದೆ ಎಂದು ಯಾರು ಹೇಳಿದರೂ ನಂಬದ ಸ್ವಭಾವ ನನ್ನದಾಯಿತು.

ಮೊದಲು ಶಹಾಬಾದಿಗೆ ಹೋದೆ. ಅಂಗಡಿಯವರು ನೀಲಿ ದೀಪ ಮಿನುಗುವ ದೊಡ್ಡ ಡಬ್ಬಿ ತೋರಿಸಿದರು. ಮೇಲೆ ಸಾವಿರಗಟ್ಟಲೆ ವ್ಯಾಟ್ ಎಂದು ಬಂಗಾರದ ಅಕ್ಷರ. ಯಾವ ಸ್ಪೀಕರಿಗಾದರೂ ಹಚ್ಚಿರಿ, ನಡೆಯುತ್ತದೆ ಎಂದರು. ಎಲ್ಲದಕ್ಕೂ ನಡೆಯುವ ವಸ್ತುವನ್ನು ನಾನು ರೈಲ್ವೆಯಲ್ಲಿ ಒಂದೂ ಕಂಡಿಲ್ಲ. ಎತ್ತಿ ನೋಡಿದೆ. ಚುರುಮುರಿ ಚೀಲದಷ್ಟು ಹಗುರ. ಅಷ್ಟು ಬಲವಿರುವ ಯಂತ್ರಕ್ಕೆ ತೂಕ ಬೇಡವೇ? ತಿರುಗಿಸಿದರೆ, ಹಿಂದೆ ತಂತಿ ಸಿಕ್ಕಿಸುವಲ್ಲಿ ಎಂಟರ ಅಂಕಿ, ಪಕ್ಕದಲ್ಲಿ ಕುದುರೆ ಲಾಳದ ಚಿತ್ರ. ನಮ್ಮ ಸ್ಪೀಕರುಗಳ ಹಿಂದೆಯೂ ಅಂಥದೇ ಲಾಳವಿದೆ, ನಾವು ಬಾಗಿಲಿಗೆ ಹೊಡೆಯುವ ಹಾಗೆ ಶುಭಕ್ಕೆಂದು ಕಂಪನಿಯವರೂ ಹಾಕಿರಬೇಕು ಎಂದುಕೊಂಡೆ. ಬರಿಗೈಯಲ್ಲಿ ಬಂದೆ.

ಮರುದಿನ ಚಿತ್ತಾಪುರ. ಅಲ್ಲೊಬ್ಬ ರಿಪೇರಿಯವನು ಸಣ್ಣದೊಂದು ಕಪ್ಪು ಆಂಪ್ಲಿಫೈಯರ್ ತೋರಿಸಿದ. ಬರೇ ನಲವತ್ತು ವ್ಯಾಟ್, ಮನೆಗೆ ಇಷ್ಟು ಸಾಕು ಎಂದ. ಎತ್ತಿದರೆ ಬೀಸುವ ಕಲ್ಲಿನ ಭಾರ. ಖುಷಿಯಾಯಿತು, ಆದರೆ ಆಗಲೇ ಸಂಶಯವೂ ಬಂತು. ದೊಡ್ಡದನ್ನು ಮಾರಬೇಕಾದವನು ಸಣ್ಣದು ಸಾಕೆಂದು ಯಾಕೆ ಹೇಳುತ್ತಾನೆ? ಅಷ್ಟರಲ್ಲಿ ಅವನು ಕೇಳಿದ:

"ಕಾಕಾ, ನಿಮ್ಮ ಸ್ಪೀಕರ್ ಎಷ್ಟು ಓಮ್ ಅವರಿ?"

ನನ್ನ ಹಣೆಯ ವಿಭೂತಿ ನೋಡಿಯೇ ಹೀಗೆ ಕೇಳುತ್ತಿದ್ದಾನೆ ಎನ್ನಿಸಿತು.

"ನಮ್ಮ ಮನ್ಯಾಗ ಇರೋದು ಒಂದೇ ಓಂ. ದೇವರ ಜಗಲಿ ಮ್ಯಾಲ ಅದ. ನನ್ನ ಜೋಡಿ ಚಾಷ್ಟಿ ಮಾಡಾಕತ್ತಿ ಏನು?"

ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಬೀದಿಯಲ್ಲಿದ್ದೆ.

ಮನೆಗೆ ಬಂದು ಸಿಟ್ಟಿನಿಂದ ಎಲ್ಲವನ್ನೂ ಹೇಳಿದೆ. ಒಂಬತ್ತನೆಯ ಇಯತ್ತೆಯ ಮೊಮ್ಮಗಳು ಸ್ಪೀಕರಿನ ಹಿಂದೆ ಬಗ್ಗಿ ನೋಡಿ, ಅಲ್ಲೇ ನೆಲಕ್ಕೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮುತ್ಯಾ, ಇದು ಲಾಳ ಅಲ್ಲ. ಇದಕ್ಕ ಓಮ್ ಅಂತಾರ. ಕರೆಂಟಿಗೆ ಎಷ್ಟು ಅಡ್ಡಿ ಅದ ಅಂಬೋದರ ಅಳತಿ. ನಮ್ಮವು ನಾಲ್ಕು ಓಮ್."

ನಾಲ್ಕೆಂದರೆ ಅಡ್ಡಿ ಕಡಿಮೆ, ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಕೊಡಬೇಕು, ಎಂಟಕ್ಕೆ ಮಾಡಿದ್ದನ್ನು ಇದಕ್ಕೆ ಹಚ್ಚಿದರೆ ಕಾಯ್ದು ಸುಡುತ್ತದೆ ಎಂದು ಬಿಡಿಸಿ ಹೇಳಿದಳು. ಶಹಾಬಾದಿನ ಲಾಳದ ಪಕ್ಕದ ಎಂಟು ನನ್ನ ಕಣ್ಣ ಮುಂದೆ ಬಂತು. ಹೊಗೆಯಾಡಿದ ಹಳೆಯ ಡಬ್ಬಿಯೂ ನೆನಪಾಯಿತು. ಎಂಥ ಕೂಸು! ಹಾಡಿಗೆ ಹಾಡು, ವಿದ್ಯೆಗೆ ವಿದ್ಯೆ.

ಶನಿವಾರ ಮುಖ ತಗ್ಗಿಸಿಕೊಂಡು ಚಿತ್ತಾಪುರಕ್ಕೆ ಹೋದೆ. ನಾಲ್ಕು ಓಮ್ ಎಂದೆ. ಅವನು ನಗಲಿಲ್ಲ, ಆಂಪ್ಲಿಫೈಯರ್ ತಿರುಗಿಸಿ ಲಾಳದ ಪಕ್ಕ ಬರೆದದ್ದನ್ನು ತೋರಿಸಿದ. ನಾಲ್ಕರಿಂದ ಎಂಟು. ಬರೆದದ್ದನ್ನು ನಂಬುವವನೇ ನಾನು? ಅವನ ಅಂಗಡಿಯದೇ ನಾಲ್ಕು ಓಮಿನ ಸ್ಪೀಕರಿಗೆ ಹಚ್ಚಿ ಒಂದು ತಾಸು ಬಾರಿಸಲು ಹೇಳಿ, ಮುಚ್ಚಳಕ್ಕೆ ಕೈಯ ಬೆನ್ನು ಇಟ್ಟು ಕುಳಿತೆ. ಅವನು ನನಗೆ ಎರಡು ಸಲ ಚಹಾ ತರಿಸಿದ.

"ಜ್ವರ ನೋಡಾಕತ್ತೀರಿ ಏನ್ರಿ, ಕಾಕಾ?"

"ಹೂಂ. ಇನ್ನೂ ಬಂದಿಲ್ಲ."

ನಾನು ಕೊಂಡು ತಂದ ಆಂಪ್ಲಿಫೈಯರಿಗೆ ರವಿವಾರ ಬೆಳಿಗ್ಗೆ ಮೊಮ್ಮಗಳೇ ತಂತಿ ಸಿಕ್ಕಿಸಿದಳು. ಕೆಮ್ಮಿದ್ದ ಸ್ಪೀಕರ್ ಏನು ಮಾಡುತ್ತದೋ ಎಂದು ನಾನು ಆಂಪ್ಲಿಫೈಯರಿನ ಮುಚ್ಚಳಕ್ಕೆ ಕೈಯ ಬೆನ್ನು ಇಟ್ಟು ಸ್ವಿಚ್ಚಿನ ಬಳಿಯೇ ನಿಂತೆ. ಹಾಡು ಶುರುವಾಯಿತು. ಎರಡೂ ಸ್ಪೀಕರುಗಳ ನಡುವೆ, ಏನೂ ಇಲ್ಲದ ಗೋಡೆಯ ಹತ್ತಿರ, ಕೂಸು ಬಂದು ನಿಂತ ಹಾಗಾಯಿತು. ಎರಡನೆಯ ಸಾಲಿಗೆ ಮೊದಲು ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಫೋನಿನಲ್ಲಿ ಆ ಉಸಿರು ಇರಲೇ ಇಲ್ಲ. ನನ್ನ ಕಣ್ಣು ತುಂಬಿ ಬಂತು, ಆದರೂ ಕೈ ಮುಚ್ಚಳದ ಮೇಲೇ ಇತ್ತು.

"ಮುತ್ಯಾ, ಕೈ ತಗಿ. ಹಾಡು ಕೇಳು."

"ಕೇಳಾಕತ್ತೀನಿ ಅವ್ವಾ. ಇನ್ನೊಮ್ಮೆ ಹಚ್ಚು."

ಮೂರನೆಯ ಸಲ ಮುಗಿದಾಗ ಮುಚ್ಚಳ ಉಗುರುಬೆಚ್ಚಗಿತ್ತು, ಅಷ್ಟೇ. ಆಗ ಕೈ ತೆಗೆದೆ.