ಮಲ್ಲಿಕಾರ್ಜುನರ ಸೀಮೋಲ್ಲಂಘನ

ರಾಣೆಬೆನ್ನೂರಿನ ಮಲ್ಲಿಕಾರ್ಜುನರು ಗುಜರಾತಿಗೆ ಬಂದದ್ದು ವಿಮಾ ಕಂಪನಿಯ ವರ್ಗಾವಣೆಯ ಮೇಲೆ. ಅದನ್ನು ಗೆದ್ದದ್ದು ಮಾತ್ರ ಸ್ವಂತ ಕಾಲ ಮೇಲೆ. ಮೊದಲು ಸಿಕ್ಕಿದ್ದು ಸೂರತ್ತಿನ ಉಧ್ನಾ ಶಾಖೆ. ಬಾಡಿಗೆ ಮನೆಯ ಹಿಂದೆಯೇ ಮಗ್ಗದ ಕಾರ್ಖಾನೆ. ಅದರ ಖಟಪಟ ತಾಳಲಾರದೆ ಬೆಳಗಾಗುತ್ತಲೇ ಮನೆಬಿಟ್ಟು ಓಡುತ್ತಿದ್ದರು. ಅಹಮದಾಬಾದಿಗೆ ವರ್ಗವಾಗಿ ಸ್ಯಾಟಲೈಟ್ ಬಡಾವಣೆಯ ಫ್ಲಾಟು ಸೇರಿದಾಗ ಖಟಪಟ ನಿಂತಿತು, ಓಟ ನಿಲ್ಲಲಿಲ್ಲ. ಸಾಬರಮತಿಯ ದಂಡೆಯಲ್ಲಿ ಅವರು ಓಡುತ್ತಿದ್ದರೆ ವಾಕಿಂಗಿಗೆ ಬಂದ ಹಿರಿಯರು ಸರಿದು ದಾರಿ ಬಿಡುತ್ತಿದ್ದರು, ನಾಯಿಗಳು ಬೊಗಳುವುದನ್ನು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದವು. ಐವತ್ತರ ಹತ್ತಿರ ಬಂದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಸಾಮ್ರಾಜ್ಯ ಬೇಕೇ?

ಆ ಸಾಮ್ರಾಜ್ಯವನ್ನು ಕೆಡವಿದ್ದು ಅವರ ಬಲಗಡೆಯ ಮಂಡಿ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಓಟ ಬಂದ್, ಬೇಕಾದರೆ ಸೈಕಲ್ ಹೊಡೆಯಿರಿ" ಎಂದು ತೀರ್ಪು ಕೊಟ್ಟರು. ಪದಚ್ಯುತ ದೊರೆ ಒಂದು ವಾರ ಬಾಲ್ಕನಿಯಲ್ಲಿ ಕೂತು ಕೆಳಗೆ ಓಡುವವರನ್ನೆಲ್ಲ ನೋಡಿ ಹಲ್ಲು ಕಡಿದರು. ಎರಡನೆಯ ವಾರ ಸೈಕಲ್ ಬಂತು: ಬೆರಳಷ್ಟು ದಪ್ಪದ ಟೈರು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಕೂತರೆ ಕೂತವರಿಗೇ ಪಾಪ ಅನ್ನಿಸುವ ಸೀಟು.

"ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಗಂಟಿ ಇಲ್ಲ. ಪೂರಾ ಸಾಮಾನ ಕೊಟ್ಟಾರೋ ಇಲ್ಲೋ ಕೇಳಿ ನೋಡಿದ್ರೇನು?" ಎಂದರು ಮಡದಿ ತಾರಾ.

"ತಾರಾ, ಇದು ರೇಸಿನ ಸೈಕಲ್ಲು."

"ಹೌದಾ? ಮತ್ತ ನೀವ್ಯಾಕ ತೊಗೊಂಡ್ರಿ?"

ಇದಕ್ಕೆ ಉತ್ತರ ಕೊಡಲು ಮಲ್ಲಿಕಾರ್ಜುನರು ಕಿರೀಟ್‌ಭಾಯಿಯ ದಂಡು ಸೇರಿದರು. ಕಿರೀಟ್‌ಭಾಯಿಗೆ ನವರಂಗಪುರದಲ್ಲಿ ಕನ್ನಡಕದ ಅಂಗಡಿ. ಅವರ ಹೊಟ್ಟೆ ಸೈಕಲ್ಲಿನ ಹ್ಯಾಂಡಲ್ಲಿಗಿಂತ ಒಂದು ಗೇಣು ಮುಂದೆ ಇರುತ್ತದೆ. ಪ್ರತಿ ಭಾನುವಾರ ಬೆಳಗ್ಗೆ ಅವರ ನಾಯಕತ್ವದಲ್ಲಿ ಹತ್ತಾರು ಜನ ಊರ ಹೊರಗಿನ ಹೆದ್ದಾರಿಗೆ ದಾಳಿಯಿಡುತ್ತಾರೆ. ದಾಳಿಯ ನಿಯಮ ಒಂದೇ. ಕಂಡ ಮೊದಲ ಕಿಟ್ಲಿಯಲ್ಲಿ, ಅಂದರೆ ರಸ್ತೆಬದಿಯ ಚಹಾದಂಗಡಿಯಲ್ಲಿ, ನಿಲ್ಲಬೇಕು. ಎರಡನೆಯದರಲ್ಲೂ ನಿಲ್ಲಬೇಕು. ಮೂರನೆಯದರ ಚಹಾ ಒಳ್ಳೆಯದೆಂದು ಯಾರಾದರೂ ಹೇಳಿದರೆ ಅಲ್ಲಿಗೂ ನ್ಯಾಯ ಸಲ್ಲಿಸಬೇಕು. ಇಷ್ಟೆಲ್ಲ ಕುಡಿದು ತಿಂದೂ ಅವರು ಮುಂದೆ, ನದಿದಂಡೆಯ ಮಾಜಿ ದೊರೆ ಎಲ್ಲರಿಗಿಂತ ಹಿಂದೆ! ಪ್ರತಿ ಸಲವೂ ಇವರು ಏದುಸಿರು ಬಿಡುತ್ತ ಕಿಟ್ಲಿ ಮುಟ್ಟುವ ಹೊತ್ತಿಗೆ ಉಳಿದವರು ಕಪ್ಪು ಕೆಳಗಿಟ್ಟು ಬಾಯಿ ಒರೆಸಿಕೊಳ್ಳುತ್ತಿದ್ದರು.

"ಮಲ್ಲಿಕ್‌ಭಾಯ್, ದೋಷ ಕಾಲಿನದಲ್ಲ, ಪೆಡಲಿನದು" ಎಂದು ಕಿರೀಟ್‌ಭಾಯಿ ಒಂದು ದಿನ ತಮ್ಮ ಬೂಟಿನ ತಳ ಎತ್ತಿ ತೋರಿಸಿದರು. ಅಲ್ಲೊಂದು ಲೋಹದ ತುಂಡು. ಅದನ್ನು ಪೆಡಲಿನ ಮೇಲಿಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಟಕ್ ಎಂದು ಬಿಡುತ್ತದೆ. ಕಾಲನ್ನು ಕೆಳಗೆ ಒತ್ತುವಾಗಲಷ್ಟೇ ಅಲ್ಲ, ಮೇಲಕ್ಕೆ ಎಳೆಯುವಾಗಲೂ ಸೈಕಲ್ ಓಡುತ್ತದೆ. "ನೀವು ಅರ್ಧ ಕಾಲಿನಿಂದ ಹೊಡೆಯುತ್ತಿದ್ದೀರಿ" ಎಂದು ಕಿರೀಟ್‌ಭಾಯಿ ಕನಿಕರದಿಂದ ತಲೆಯಾಡಿಸಿದರು.

ಮಲ್ಲಿಕಾರ್ಜುನರು ಯೋಚನೆಗೆ ಬಿದ್ದರು. ಓಟಗಾರನಿಗೆ ಪಾದವೆಂದರೆ ಸ್ವತಂತ್ರ ಭಾರತದ ಪ್ರಜೆ. ಬೇಕೆಂದಲ್ಲಿ ಇಡಬಹುದು, ಬೇಕೆಂದಾಗ ಎತ್ತಬಹುದು. ಅದನ್ನು ತಾವೇ ತಂದು ಯಂತ್ರಕ್ಕೆ ಒತ್ತೆಯಿಡುವುದೇ? ಆಫೀಸಿನಲ್ಲಿ ಪಾಲಿಸಿ ಮಾರುವಾಗ ಅಪಘಾತದ ಬಗೆಗಳನ್ನು ಜನರಿಗೆ ಬಿಡಿಸಿ ಹೇಳಿ ಹೆದರಿಸುವವರು ಅವರೇ. ಈಗ ಆ ಬಗೆಗಳೆಲ್ಲ ಒಂದೊಂದಾಗಿ ಅವರ ಕನಸಿಗೇ ಬರತೊಡಗಿದವು. ಆದರೂ ಕೊನೆಗೆ ಗೆದ್ದದ್ದು ಆರಿದ ಚಹಾದ ಅವಮಾನ. ಬೂಟು, ಪೆಡಲು ಎರಡೂ ಬಂದವು.

ಕಟ್ಟಡದ ಅಂಗಳದಲ್ಲಿ ಗೋಡೆ ಹಿಡಿದು ಎರಡು ದಿನ ಅಭ್ಯಾಸ ಮಾಡಿ ಮೂರನೆಯ ದಿನ ರಸ್ತೆಗಿಳಿದರು. ನವರಂಗಪುರದ ಸಿಗ್ನಲ್ ಕೆಂಪಾಯಿತು. ಮಲ್ಲಿಕಾರ್ಜುನರು ಶಿಸ್ತಿನ ನಾಗರಿಕರಂತೆ ಬ್ರೇಕು ಹಾಕಿ ನಿಂತರು, ಕಾಲು ಬಿಡಿಸಬೇಕೆಂಬುದನ್ನು ಮರೆತರು, ಕಡಿದ ಬಾಳೆಗಿಡದಂತೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಎಡಕ್ಕೆ ಒರಗಿ ಒಂದು ಆಟೋದ ಪಕ್ಕದಲ್ಲಿ ಮಲಗಿದರು. ಆಟೋದವನು ಬಗ್ಗಿ ನೋಡಿ, "ಕಾಕಾ, ಸಿಗ್ನಲ್ ಬಿಡೋದು ಅಷ್ಟು ತಡ ಏನಿಲ್ಲ" ಎಂದ.

ತಾರಾ ಮೊಣಕೈಗೆ ಅರಿಶಿನ ಮೆತ್ತುತ್ತ ಶಾಸನ ಹೊರಡಿಸಿದರು. "ಇನ್ನೊಮ್ಮೆ ಬಿದ್ರ ಆ ಪೆಡಲ್ ಅಟ್ಟಕ್ಕ ಹೋಗತಾವ. ದಸರಾಕ್ಕ ಅಕ್ಕನ ಮನೀಗೆ ಎಲ್ಲಾರೂ ಸುಮ್ಮನ ಕಾರಿನ್ಯಾಗ ಹೋಗೂದು. ತಿಳೀತಿಲ್ಲೋ?"

ತಿಳಿಯದೆ ಏನು? ಪೆಟ್ಟು ಬಿದ್ದದ್ದೇ ಅಲ್ಲಿ. ಅಕ್ಕ ಸರಸ್ವತಿ ಇರುವುದು ವಡೋದರಾದ ಮಾಂಜಲ್ಪುರದಲ್ಲಿ. ಭಾವನವರು ರೈಲ್ವೆಯಿಂದ ನಿವೃತ್ತರಾದ ಮೇಲೂ ಅವರು ಆ ಊರು ಬಿಟ್ಟಿಲ್ಲ. ಪ್ರತಿ ದಸರೆಗೆ ತಮ್ಮ ಹೋಗಿ ಅಕ್ಕನಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳಬೇಕು. ಈ ಸಲ ಸೈಕಲ್ ಮೇಲೆ ಬಂದು ಕೊಡುತ್ತೇನೆ ಎಂದು ಮಲ್ಲಿಕಾರ್ಜುನರು ಫೋನಿನಲ್ಲಿ ಮಾತು ಕೊಟ್ಟುಬಿಟ್ಟಿದ್ದರು. "ಮಂಡಿ ಹೋತಂತ ಅಳಕೋತ ಕುಂತಾನ ಅಂದ್ರಲ್ಲ ಎಲ್ಲಾರೂ, ನನ್ನ ತಮ್ಮ ಹಂಗಲ್ಲ" ಎಂದು ಅಕ್ಕ ಆ ಮಾತನ್ನು ಓಣಿಗೆಲ್ಲ ಹಂಚಿದ್ದರು. ಇನ್ನು ಕಾರಿನಿಂದ ಇಳಿದರೆ ಮಂಡಿ ಹೋದ ಮಲ್ಲಣ್ಣ ಎಂಬ ಹೆಸರು ಕಾಯಂ. ಕಿರೀಟ್‌ಭಾಯಿಯ ದಂಡೂ ಜೊತೆಗೆ ಬರುವುದೆಂದು ತೀರ್ಮಾನವಾಯಿತು. ದಸರೆಯ ದಿನ ಗುಜರಾತೆಲ್ಲ ಕಡಲೆಹಿಟ್ಟಿನ ಗರಿಗರಿ ಫಾಫಡಾ, ಜಲೇಬಿ ತಿನ್ನುತ್ತದೆ, ದಾರಿಯುದ್ದಕ್ಕೂ ತಿನ್ನಬಹುದಲ್ಲ!

ಮಹಾನವಮಿಯ ಸಂಜೆ ಮನೆಯಲ್ಲಿ ಖಂಡೆ ಪೂಜೆ. ಮಿಕ್ಸರ್, ಕುಕ್ಕರ್, ಕಾರು, ಮಲ್ಲಿಕಾರ್ಜುನರ ಲ್ಯಾಪ್‌ಟಾಪು ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಸೈಕಲ್ಲಿನ ಎದುರು ಬಂದಾಗ ತಾರಾ ಒಂದು ಗಳಿಗೆ ನಿಂತರು. ಅಪಾಯ ಎಲ್ಲಿ ಹೆಚ್ಚೋ ಅಲ್ಲಿ ಪೂಜೆಯೂ ಹೆಚ್ಚಿರಬೇಕೆಂಬುದು ಅವರ ತರ್ಕ. ನೀರಿನಲ್ಲಿ ಕಲಸಿದ ವಿಭೂತಿಯನ್ನು ಹ್ಯಾಂಡಲ್ಲಿಗೆ ಮೂರು ಬೆರಳಿನಿಂದ ಎಳೆದರು. ಪೆಡಲುಗಳಿಗೆ ಮಾತ್ರ ಕೈತುಂಬ ಮೆತ್ತಿದರು. ಅದರ ಮೇಲೆ ಕುಂಕುಮ, ಅದರ ಮೇಲೆ ಒಂದು ಹಿಡಿ ಅಕ್ಷತೆ.

"ನಮ್ಮವರನ್ನ ಗಟ್ಟಿ ಹಿಡಕೊಳ್ರೆಪಾ" ಎಂದು ಪೆಡಲುಗಳಿಗೆ ಕೈಮುಗಿದರು.

ಪೆಡಲುಗಳು ಕೇಳಿಸಿಕೊಂಡವು.

ದಸರೆಯ ನಸುಕಿನಲ್ಲಿ ಮಲ್ಲಿಕಾರ್ಜುನರು ಅಂಗಿಯ ಬೆನ್ನ ಮೇಲಿನ ಜೇಬಿನಲ್ಲಿ ಬನ್ನಿ ಎಲೆ ತುಂಬಿಕೊಂಡು ಸೈಕಲ್ ಏರಿದರು. ಬೂಟು ಒತ್ತಿದಾಗ ಟಕ್ ಎನ್ನುವ ಬದಲು ಪಚಕ್ ಎಂದಿತು. ಪೂಜೆಯ ಗುರುತು ಒರೆಸುವುದು ಒಳ್ಳೆಯದಲ್ಲವೆಂದು ಅವರು ಹಾಗೇ ಹೊರಟರು. ಹಿಂದೆ ಕಾರಿನಲ್ಲಿ ತಾರಾ. ಸೂರ್ಯ ಮೇಲೇರಿದ. ಗಾಳಿ ಬೀಸಿತು. ಪೆಡಲಿನ ಸ್ಪ್ರಿಂಗಿನೊಳಗೆ ಹೊಕ್ಕಿದ್ದ ವಿಭೂತಿ ಅಕ್ಕಿಕಾಳುಗಳ ಸಮೇತ ಒಣಗಿ ಗಾರೆಯಾಯಿತು.

ಖೇಡಾದ ಕಿಟ್ಲಿ ಕಂಡಿತು. ದಂಡು ಟಕಟಕ ಎಂದು ಇಳಿಯಿತು. ಮಲ್ಲಿಕಾರ್ಜುನರು ಎಡ ಹಿಮ್ಮಡಿ ತಿರುಚಿದರು. ಬರಲಿಲ್ಲ. ಬಲ ಹಿಮ್ಮಡಿ ತಿರುಚಿದರು. ಅದೂ ಇಲ್ಲ. ನವರಂಗಪುರದ ಆಟೋ ಕಣ್ಣ ಮುಂದೆ ಸುಳಿಯಿತು. ನಿಂತರೆ ಬೀಳುವುದು ಖಂಡಿತ. ಬಿದ್ದರೆ ಪೆಡಲು ಅಟ್ಟಕ್ಕೆ, ಅವರು ಕಾರಿಗೆ. ಕಿಟ್ಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಇನ್ನೊಂದು ಹಾಕಿದರು.

"ಅರೇ ಮಲ್ಲಿಕ್‌ಭಾಯ್, ಊಭಾ ರಹೋ! ಚಾ ಬಂತು!" ಎಂದು ಕಿರೀಟ್‌ಭಾಯಿ ನಿಲ್ಲಲು ಹೇಳಿ ಕಪ್ಪು ಎತ್ತಿ ಹಿಡಿದರು.

"ನೀವು ಕುಡೀರಿ, ನಾನು ಮುಂದೆ ಹೋಗಿರ್ತೀನಿ!" ಎಂದು ಗಾಳಿಗೆ ಕೂಗಿ ವೀರರು ಹೆದ್ದಾರಿ ಹಿಡಿದರು. ದಂಡು ಬಾಯಿ ತೆರೆದು ನೋಡಿತು. ಚಹಾ ಬಿಟ್ಟು ಹೋದವನನ್ನು ಅದು ಹಿಂದೆಂದೂ ಕಂಡಿರಲಿಲ್ಲ.

ನಡಿಯಾದಿನ ಹತ್ತಿರ ತಾರಾ ಕಾರನ್ನು ಪಕ್ಕಕ್ಕೆ ತಂದು ಕಿಟಕಿ ಇಳಿಸಿದರು. "ಯಾಕ್ರೀ, ನಿಂದ್ರೂದಿಲ್ಲೇನು? ಚಪಾತಿ ಪಲ್ಯಾ ಮಾಡ್ಕೊಂಡ ಬಂದೇನಿ."

"ಸುತ್ತಿ ಕೊಡು. ಓಡಿಸ್ಕೋತನ ತಿಂತೀನಿ."

"ಇಷ್ಟ ಹುರುಪ್ ಯಾಕ ಬಂತು?"

ಮಲ್ಲಿಕಾರ್ಜುನರು ಕೆಳಗೆ ಪೆಡಲು ನೋಡಿದರು, ಬೂಟಿನ ಸಂದಿನಿಂದ ಇಣುಕುತ್ತಿದ್ದ ಕುಂಕುಮ ನೋಡಿದರು, ಎಲ್ಲವೂ ಹೊಳೆಯಿತು. ಹೇಳಿದರೆ ತಾರಾ ನೊಂದುಕೊಳ್ಳುತ್ತಾರೆ. ಇಲ್ಲವೇ ನಗುತ್ತಾರೆ. ಎರಡನೆಯದು ಹೆಚ್ಚು ಅಪಾಯ. "ಇವತ್ತ ಹಬ್ಬ ಅಲ್ಲೇನು?" ಎಂದಷ್ಟೇ ಹೇಳಿ ಚಪಾತಿಯ ಸುರುಳಿ ಕಚ್ಚಿದರು.

ಮುಂದಿನದು ಒಂಟಿ ವೀರನ ದಂಡಯಾತ್ರೆ. ಸಿಗ್ನಲ್ಲು ಕೆಂಪಾದಲ್ಲಿ ದೀಪದ ಕಂಬ ಅಪ್ಪಿಕೊಂಡು ನಿಂತರು. ಆಣಂದದ ಹತ್ತಿರ ಕಂಬ ಸಿಗದೆ ನಿಂತಿದ್ದ ಹಾಲಿನ ಟ್ಯಾಂಕರಿನ ಏಣಿ ಹಿಡಿದರು. ಡ್ರೈವರು ಇಳಿದು ಬಂದು, "ಲಿಫ್ಟ್ ಬೇಕಾ?" ಎಂದು ಕೇಳಿದ. "ಬೇಡ, ಸ್ವಲ್ಪ ನಿಲ್ಲುತ್ತಿದ್ದೇನೆ" ಎಂದರು. ಊರೂರಿನ ಅಂಗಡಿಗಳ ಎದುರು ಫಾಫಡಾಕ್ಕೆ ಸಾಲುಗಟ್ಟಿದ ಜನ. ಕಾದ ಎಣ್ಣೆಯ ಪರಿಮಳ ಹಿಂದಿನಿಂದ ಬಂದು ಅಂಗಿ ಜಗ್ಗುತ್ತಿತ್ತು. ಋಷಿಗಳ ತಪಸ್ಸು ಕೆಡಿಸಲು ಅಪ್ಸರೆಯರು ಬಂದಂತೆ ಜಲೇಬಿಗಳು ಬಾಣಲೆಯಲ್ಲಿ ಸುತ್ತುತ್ತಿದ್ದವು. ಕಾಲು ಪೆಡಲಿನಲ್ಲಿ ಸೆರೆ ಇದ್ದುದರಿಂದ ತಪಸ್ಸು ಕೆಡಲಿಲ್ಲ. ಮಹೀ ನದಿಯ ಸೇತುವೆ ದಾಟುವಾಗ ಒಂದು ವಿಚಿತ್ರ ಅವರ ಗಮನಕ್ಕೆ ಬಂತು. ಮಂಡಿ ನೋಯುತ್ತಿಲ್ಲ. ಕಾಲು ಒತ್ತುತ್ತಿದೆ, ಎಳೆಯುತ್ತಿದೆ, ಸೈಕಲ್ ಹಾರುತ್ತಿದೆ. ಸಾಬರಮತಿಯ ದಂಡೆಯಲ್ಲಿ ಕಳೆದುಕೊಂಡದ್ದು ಮಹೀ ನದಿಯ ಮೇಲೆ ಸಿಕ್ಕಿತ್ತು. ಅವರು ಒಬ್ಬರೇ ಜೋರಾಗಿ ನಕ್ಕರು.

ಮಾಂಜಲ್ಪುರದಲ್ಲಿ ಅಕ್ಕ ಆರತಿ ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದರು. ಮೊದಲೇ ತಲುಪಿದ್ದ ತಾರಾ ಪಕ್ಕದಲ್ಲಿದ್ದರು. ಮೇಲೆ ಬಾಲ್ಕನಿಗಳಲ್ಲಿ ಓಣಿಯ ಜನ. ತಮ್ಮ ಬಂದ. ಬಂದವನು ನಿಲ್ಲದೆ ಅಂಗಳದ ಬೇವಿನ ಮರಕ್ಕೆ ಸುತ್ತು ಹಾಕಿದ.

"ಏ ಮಲ್ಲೂ, ಇಳಿಯೋ!"

"ಬಂದೆ ಅಕ್ಕಾ!" ಎನ್ನುತ್ತ ಇನ್ನೊಂದು ಸುತ್ತು.

"ಆರತಿ ಆರತದಲ್ಲೋ! ನೀ ತಿರುಗೂದೋ, ನಾ ತಿರುಗಿಸೂದೋ?"

ಮೂರನೆಯ ಸುತ್ತಿಗೆ ಮಲ್ಲಿಕಾರ್ಜುನರು ಗೇಟಿನ ಕಂಬಕ್ಕೆ ಗುರಿಯಿಟ್ಟು ಬಂದು ಎರಡೂ ತೋಳಿನಿಂದ ತಬ್ಬಿಕೊಂಡರು. ನಿಂತರು. ಬೀಳಲಿಲ್ಲ. ಆದರೆ ಇಳಿಯುವುದು ಹೇಗೆ? ತುಟಿ ಕಚ್ಚಿ ಹಿಮ್ಮಡಿ ತಿರುಚಿದರು, ಬೆವರಿದರು, ಕಂಬವನ್ನು ಇನ್ನಷ್ಟು ಪ್ರೀತಿಯಿಂದ ಅಪ್ಪಿದರು.

"ಬೂಟ್ ಬರವಲ್ಲವು" ಎಂದು ಕೊನೆಗೆ ಸಣ್ಣ ದನಿಯಲ್ಲಿ ಒಪ್ಪಿಕೊಂಡರು.

ಅಕ್ಕ ಸೊಂಟಕ್ಕೆ ಕೈಯಿಟ್ಟರು. "ಬೂಟ್ ಹಾಕ್ಕೊಂಡು ಯಾರರೆ ಮನಿಯೊಳಗ ಬರ್ತಾರೇನೋ? ಕಳದ ಹೊರಗ ಬಿಟ್ಟು ಬಾ."

ಮಲ್ಲಿಕಾರ್ಜುನರು ದಂಗಾದರು. ಬೂಟಿಗೆ ಪಟ್ಟಿ ಇದೆ. ಪಟ್ಟಿ ಎಳೆದರೆ ಬಿಚ್ಚುತ್ತದೆ. ಹುಟ್ಟಿದಾಗಿನಿಂದ ಹೊಸ್ತಿಲ ಹೊರಗೆ ಚಪ್ಪಲಿ ಕಳಚಿದ ಮನುಷ್ಯ ಖೇಡಾದಿಂದ ಇಲ್ಲಿಯವರೆಗೆ ಪೆಡಲಿನಿಂದ ಬೂಟು ಬಿಡಿಸಲು ನೋಡಿದ್ದರೇ ಹೊರತು ಬೂಟಿನಿಂದ ಕಾಲು ಬಿಡಿಸಲು ನೋಡಿರಲಿಲ್ಲ. ಚರ್ ಚರ್ ಎಂದು ಎರಡು ಸಲ ಪಟ್ಟಿ ಎಳೆದರು. ಪಾದಗಳು ಸ್ವತಂತ್ರವಾಗಿ ನೆಲಕ್ಕಿಳಿದವು. ಬೂಟುಗಳು ಸಿಂಹಾಸನದ ಮೇಲಿನ ಪಾದುಕೆಗಳಂತೆ ಪೆಡಲಿನ ಮೇಲೇ ಉಳಿದವು.

ಆರತಿ ಆಯಿತು. ಬೆವರಿಗೆ ನೆನೆದು ಮೆತ್ತಗಾಗಿದ್ದ ಬನ್ನಿಯನ್ನು ಅಕ್ಕನ ಕೈಗಿಟ್ಟು ಕಾಲಿಗೆ ಬಿದ್ದರು. "ಬಂಗಾರದ್ಹಂಗ ಇರಪಾ" ಎಂದ ಅಕ್ಕ ಬಾಲ್ಕನಿಗಳ ಕಡೆಗೊಮ್ಮೆ ನೋಡಿದರು.

"ಇದೊಂದ ಬೀಳೂದು ಸರಿ ಐತಿ, ಲೆಕ್ಕಕ್ಕಿಲ್ಲ" ಎಂದು ತಾರಾ ಗಂಡನನ್ನು ಎಬ್ಬಿಸಿದರು. "ಪೆಡಲ್ ಇಟ್ಕೊಳ್ರಿ."

ಬಹಳ ಹೊತ್ತಿನ ಮೇಲೆ ಕಿರೀಟ್‌ಭಾಯಿಯ ದಂಡು ಎಣ್ಣೆ ಜಿನುಗುವ ಜಲೇಬಿ ಪೊಟ್ಟಣ ಹಿಡಿದು ಬಂತು. ಚಹಾ ಇಲ್ಲ, ಫಾಫಡಾ ಇಲ್ಲ, ಒಂದೇ ಉಸಿರಿಗೆ ವಡೋದರಾ! ಗುಟ್ಟೇನು ಎಂದು ಎಲ್ಲರೂ ಸುತ್ತುವರಿದರು. ಮಲ್ಲಿಕಾರ್ಜುನರು ಬಾಯ್ತುಂಬ ಜಲೇಬಿ ಇಟ್ಟುಕೊಂಡು ನಿಜವನ್ನೇ ಹೇಳಿದರು. "ನಮ್ಮ ಮನೆಯವರು ನಿನ್ನೆ ಪೆಡಲಿಗೆ ಪೂಜೆ ಮಾಡಿದರು. ಅದರಿಂದಲೇ."

ಕಿರೀಟ್‌ಭಾಯಿ ತಕ್ಷಣ ತಾರಾ ಕಡೆ ತಿರುಗಿ ಕೈಮುಗಿದರು. "ಭಾಭೀಜಿ, ಮುಂದಿನ ವರ್ಷ ನಮ್ಮೆಲ್ಲರ ಸೈಕಲ್ ನಿಮ್ಮ ಮನೆಗೆ ತರುತ್ತೇವೆ. ಇದೇ ಪೂಜೆ ಆಗಬೇಕು."

ದಂಡಿನವರು ಕೈಕಾಲು ತೊಳೆಯಲು ಹೋದಾಗ ತಾರಾ ಹೇರ್‌ಪಿನ್ ತೆಗೆದುಕೊಂಡು ಸೈಕಲ್ಲಿನ ಹತ್ತಿರ ಕೂತು ಪೆಡಲು ಕೆರೆಯತೊಡಗಿದರು. ಬಿಳಿ ಗಟ್ಟಿಯೊಂದು ಉದುರಿತು, ಅದರ ನಡುವೆ ಅರಿಶಿನದ ಅಕ್ಕಿಕಾಳು. ಅದನ್ನು ಅಂಗೈಯಲ್ಲಿಟ್ಟು ನೋಡಿದರು. ಖೇಡಾದ ಕಿಟ್ಲಿ, ಓಡಿಸುತ್ತಲೇ ತಿಂದ ಚಪಾತಿ, ಬೇವಿನ ಮರದ ಸುತ್ತು ಎಲ್ಲ ಒಂದಕ್ಕೊಂದು ಕೂಡಿದವು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲುಗಾಡುತ್ತ ನಕ್ಕರು.

"ಏನ್ರೀ, ಮುಂದಿನ ವರ್ಷ ಕಿರೀಟ್‌ಭಾಯಿಯವರ ಪೆಡಲಿಗೆ ವಿಭೂತಿ ಎಷ್ಟ ಹಚ್ಚಲಿ?"

ಮಲ್ಲಿಕಾರ್ಜುನರು ಇನ್ನೊಂದು ಜಲೇಬಿ ಎತ್ತಿಕೊಂಡರು.

"ಕೈತುಂಬ ಹಚ್ಚು."