ಬರೀ ಬಾಡು, ನಿಂಬೆಹಣ್ಣಿನಷ್ಟು ಮುದ್ದೆ

ಹೊಸತೊಡಕಿನ ದಿನ. ಯುಗಾದಿಯ ಮರುದಿನ ನಮ್ಮ ಕಡೆ ಕೇಳಬೇಕಾ, ಊರಿಗೆ ಊರೇ ಬಾಡಿನ ಘಮ.

ಅವ್ವ ಬಿಸಿ ಮುದ್ದೆ ಹಿಡ್ಕೊಂಡು ಬಂದಳು. ನಾನು ಗಂಗಳಕ್ಕೆ ಕೈ ಅಡ್ಡ ಇಟ್ಟೆ.

"ಮುದ್ದೆ ಬ್ಯಾಡ ಕಣವ್ವ. ಇನ್ಮೇಲೆ ಬರೀ ಬಾಡು."

ಅವ್ವ ನನ್ನನ್ನು ನೋಡಿದ ರೀತಿ... ಮನೆ ಬಿಟ್ಟು ಹೋಗ್ತೀನಿ ಅಂದಿದ್ದರೂ ಅಷ್ಟು ಗಾಬರಿ ಆಗ್ತಿರಲಿಲ್ಲ.

ಇದು ಎಪ್ಪತ್ತರ ದಶಕದ ಮಾತು. ಮದ್ದೂರು ತಾಲ್ಲೂಕಿನ ನಮ್ಮೂರಿಂದ ದಿನಾ ಸೈಕಲ್ ತುಳಿದು ದೊಡ್ಡಿ ಅನ್ನೋ ಊರಿಗೆ ಹೋಗ್ತಿದ್ದೆ. ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ಬರೆಯೋ ಕೆಲಸ.

ಕೂತು ಕೂತು ಹೊಟ್ಟೆ ಬಂದಿತ್ತು. ಕಬ್ಬು ತಂದ ರೈತರು, "ಸಾ, ವಸಿ ನಮ್ ಗಾಡಿ ಮ್ಯಾಲೆ ಕುಂತ್ಕಳಿ, ಕಬ್ಬು ಚೆನ್ನಾಗ್ ತೂಗ್ಲಿ" ಅಂತ ರೇಗಿಸೋರು.

ಆಮೇಲೆ ಒಂದಿನ ಮಂಡ್ಯದ ಡಾಕ್ಟರು ಗಾಜಿನ ಟ್ಯೂಬಲ್ಲಿ ನೀಲಿ ಔಷಧಿಗೆ ನನ್ನ ಮೂತ್ರ ಹಾಕಿ ಕಾಯಿಸಿ ತೋರಿಸಿದರು. ನೀಲಿ ಹೋಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಶುಗರ್.

ಸಕ್ಕರೆ ಕಾರ್ಖಾನೆಯವನಿಗೆ ಸಕ್ಕರೆ ಕಾಯಿಲೆ... ಎಲ್ಲರ ಬಾಯಲ್ಲೂ ಇದೇ ತಮಾಷೆ. ನನಗೆ ಮಾತ್ರ ನಗು ಬರಲಿಲ್ಲ.

ಅಪ್ಪನಿಗೂ ಇದೇ ಕಾಯಿಲೆ ಇತ್ತು. ಕಾಲಿನ ಹುಣ್ಣು ಮಾಯಲೇ ಇಲ್ಲ, ಅದರಲ್ಲೇ ಹೋಗಿಬಿಟ್ಟರು. ಈಗ ನನ್ನ ಹೆಂಡತಿ ಜಯಮ್ಮ ಚೊಚ್ಚಲ ಹೆರಿಗೆಗೆ ಅಂತ ಮಳವಳ್ಳಿಯ ತವರಿಗೆ ಹೋಗಿದ್ದಳು. ಹುಟ್ಟೋ ಮಗುವನ್ನ ಎತ್ತಿ ಆಡಿಸ್ಕೊಂಡು ನಾನು ನಾಲ್ಕು ಕಾಲ ಬಾಳಬೇಕಿತ್ತು.

"ಊಟದಲ್ಲಿ ಕಂಟ್ರೋಲ್ ಮಾಡು. ಶ್ರಾವಣದ ಹೊತ್ತಿಗೆ ಇಳೀಲಿಲ್ಲ ಅಂದ್ರೆ ದಿನಾ ಇಂಜೆಕ್ಷನ್" ಅಂದಿದ್ದರು ಡಾಕ್ಟರು.

ಬರೀ ಬಾಡು ತಿನ್ನು ಅಂತ ಐಡಿಯಾ ಕೊಟ್ಟವರು ನಮ್ಮ ಕಾರ್ಖಾನೆಯ ಕೆಮಿಸ್ಟು. ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದರಂತೆ. ಮುದ್ದೆ, ಅನ್ನ, ಬೆಲ್ಲ ಬಿಟ್ಟು ಮಾಂಸ ಎಷ್ಟಾದರೂ ತಿನ್ನಬಹುದಂತೆ!

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತಾರಲ್ಲ, ನನ್ನ ಪಾಲಿಗೆ ಅದು ಬಾಡು.

ಸುದ್ದಿ ಕೇಳಿ ಮಾವನವರು ಮಳವಳ್ಳಿಯಿಂದ ಒಂದು ಬಂಡೂರು ಕುರಿಯನ್ನೇ ಕಳಿಸಿದರು. ಅದು ಮುಗಿದ ಮೇಲೆ ನಾಟಿ ಕೋಳಿ, ನಾಲೆ ಮೀನು. ಎಲ್ಲ ಅವ್ವನೇ ಮಾಡಿ ಹಾಕ್ತಿದ್ದಳು.

ಸೋಮವಾರ ಮಾತ್ರ ಶಿವನ ವಾರ, ನಮ್ಮನೇಲಿ ಬಾಡು ಮುಟ್ಟಲ್ಲ. ಅವತ್ತು ಬೇರೆ ದಾರಿಯಿಲ್ಲದೆ ಮುದ್ದೆ, ಸೊಪ್ಪಿನ ಸಾರು. ಅವತ್ತು ಅವ್ವನ ಮುಖ ನೋಡಬೇಕಿತ್ತು, ಹಬ್ಬ ಬಂದ ಹಾಗೆ ಓಡಾಡೋಳು.

ಮಿಕ್ಕ ದಿನ ನಾನು ಮೂಳೆ ಕಡೀತಾ ಕೂತಿದ್ದರೆ ಎದುರಿಗೆ ಕಂಬಕ್ಕೆ ಒರಗಿ, "ಉಣ್ಣಲಿಲ್ವಲ್ಲಾ ಮಗ" ಅನ್ನೋಳು.

"ತಿಂತಾ ಇವ್ನಲ್ಲವ್ವ!"

"ಮುದ್ದೆ ಇಲ್ದೆ ಅದೆಂತ ಊಟ್ಲಾ? ಬುಡು ಅತ್ಲಾಗೆ."

ಪ್ಯಾಂಟು ಸಡಿಲ ಆಗ್ತಾ ಬಂತು. ಮೊಳೆ ಹೊಡೆದು ಬೆಲ್ಟಿಗೆ ಹೊಸ ತೂತು ಮಾಡಿಕೊಂಡೆ. ಸೈಕಲ್ ತುಳಿಯುವಾಗ ಏದುಸಿರೂ ಇಲ್ಲ. ಒಳಗೊಳಗೇ ಹಿಗ್ಗು.

ಹೀಗಿರುವಾಗ ಒಂದು ಮಧ್ಯಾಹ್ನ ಅವ್ವ ಸಾರು ಬಡಿಸ್ತಾ ಇದಾಳೆ... ಬಿಗಿಯಾಗಿದ್ದ ರವಿಕೆ ತೋಳು ಜೋಲಾಡ್ತಿದೆ. ಕುತ್ತಿಗೆ ಮೂಳೆ ಎದ್ದು ಕಾಣ್ತಿದೆ.

ಅಪ್ಪನೂ ಮೊದಮೊದಲು ಸೊರಗಿದ್ದು ಹೀಗೇ. ಅವ್ವನಿಗೂ ಶುಗರ್ ಬಂದುಬಿಡ್ತಾ?

ಮರುದಿನವೇ ಬಸ್ ಹತ್ತಿಸಿ ಮಂಡ್ಯಕ್ಕೆ ಕರ್ಕೊಂಡು ಹೋದೆ. ಅವ್ವ ಆರಾಮಾಗಿ ಕಿಟಕಿಯಾಚೆ ನೋಡ್ತಾ ಯಾರ ಗದ್ದೆ ಹೇಗಿದೆ ಅಂತ ವರದಿ ಕೊಡ್ತಿದ್ದಾಳೆ. ನಾನು ಮನಸ್ಸಲ್ಲೇ ಮನೆದೇವರಿಗೆ ಹರಕೆ ಹೊತ್ಕೊಳ್ತಿದ್ದೀನಿ.

ಡಾಕ್ಟರು ಟ್ಯೂಬು ಕಾಯಿಸಿದರು. ನಾನು ಉಸಿರು ಹಿಡಿದು ನೋಡ್ತಿದ್ದೆ. ನೀಲಿ... ನೀಲಿಯಾಗೇ ಉಳೀತು.

"ಇವರಿಗೆ ಶುಗರ್ ಇಲ್ಲಪ್ಪ" ಅಂದವರು ಅವ್ವನ ಕಡೆ ತಿರುಗಿದರು. "ಊಟ ಸೇರುತ್ತೇನಮ್ಮ?"

"ಸೋಮ್ವಾರ ಉಣ್ತೀನಿ ಸ್ವಾಮಿ. ಮಿಕ್ಕಿದ್ ದಿನ ವಸಿ ಮಜ್ಗೆನೋ, ಒಂದಿಡಿ ಉರ್ಗಡ್ಲೆನೋ..."

"ಯಾಕಮ್ಮ?"

"ಮಗ ಉಣ್ದೆ ಎದ್ದೋಯ್ತಾನೆ. ನಾನೆಂಗುಣ್ಲಿ?"

ನಮ್ಮ ಮನೆಗಳಲ್ಲಿ ಗಂಡಸರು ಉಂಡ ಮೇಲೇ ಹೆಂಗಸರು ಉಣ್ಣೋದು. ಅವ್ವ ಆ ರೂಢಿಯನ್ನ ಒಂದಿನವೂ ಮುರಿದವಳಲ್ಲ. ಅವಳ ಲೆಕ್ಕದಲ್ಲಿ ಮುದ್ದೆ ಮುಟ್ಟದ ನಾನು ಉಂಡೇ ಇರಲಿಲ್ಲ. ಹಾಗಾಗಿ ಅವಳೂ ಉಂಡಿರಲಿಲ್ಲ.

ನಾನು ಅವ್ವನ ಜೋಲಾಡೋ ರವಿಕೆ ತೋಳನ್ನೇ ನೋಡ್ತಾ ಕೂತೆ.

ಡಾಕ್ಟರು ಮಾತ್ರ ಜೋರಾಗಿ ನಕ್ಕುಬಿಟ್ಟರು. "ದಿನಾ ನಿಂಬೆಹಣ್ಣಿನಷ್ಟು ಮುದ್ದೆ ನಿಮ್ಮವ್ವನ ಕಣ್ಣೆದುರಿಗೇ ನುಂಗು. ಅದು ಅವರಿಗೆ ಔಷಧಿ. ನೀನು ಬಾಡು ಕಮ್ಮಿ ಮಾಡಿ ಸೊಪ್ಪು ತರಕಾರಿ ಸೇರಿಸ್ಕೋ."

ಅವತ್ತು ರಾತ್ರಿಯಿಂದಲೇ ಔಷಧಿ ಶುರು. ಅವ್ವ ಪುಟ್ಟ ಮುದ್ದೆ ಕಟ್ಟಿ ಇಡೋಳು. ನಾನು ಸಾರಲ್ಲಿ ಅದ್ದಿ ನುಂಗಿದ್ದೇ ತಡ, ಬರ್ ಅಂತ ತನ್ನ ಗಂಗಳ ಎಳ್ಕೊಳ್ಳೋಳು.

ಆದರೆ ಅವ್ವನ ನಿಂಬೆಹಣ್ಣು ದಿನೇ ದಿನೇ ದಪ್ಪ ಆಗ್ತಾ ಹೋಗಿ ಒಂದಿನ ಮೂಸಂಬಿ ಆಗಿತ್ತು. ಕೇಳಿದ್ದಕ್ಕೆ, "ಎಷ್ಟ್ ಗಾತ್ರದ ನಿಂಬೆಅಣ್ಣು ಅಂತ ಡಾಕ್ಟ್ರು ಏಳ್ನಿಲ್ವಲ್ಲಾ" ಅಂತ ವಾದ ಬೇರೆ!

ಶ್ರಾವಣದಲ್ಲಿ ನನ್ನ ಟ್ಯೂಬು ಇಟ್ಟಿಗೆ ಬಣ್ಣಕ್ಕೆ ಹೋಗದೆ ಹಸಿರಿಗೇ ನಿಂತಿತು, ಅಂದರೆ ಶುಗರ್ ಇಳಿದಿತ್ತು. ಸದ್ಯಕ್ಕೆ ಇಂಜೆಕ್ಷನ್ ಬೇಡ ಅಂದರು. ಜಯಮ್ಮ ಹೆಣ್ಣುಮಗು ಎತ್ಕೊಂಡು ಮನೆಗೆ ಬಂದಾಗ ಅವ್ವನ ರವಿಕೆ ತೋಳು ಮತ್ತೆ ಬಿಗಿಯಾಗಿತ್ತು.

ನಿನ್ನೆ ಮೊಮ್ಮಗಳು ಮೊಬೈಲ್ ತೋರಿಸಿ, "ತಾತ, ಬರೀ ಮಾಂಸ ತಿನ್ನೋ ಹೊಸ ಡಯಟ್ ಬಂದಿದೆ" ಅಂದಳು. ಹೊಸದಂತೆ! ನಾನು ಮಾತ್ರೆ ನುಂಗಿ, ನನ್ನ ಪುಟ್ಟ ಮುದ್ದೆ ಮುರಿದೆ. ಅವ್ವ ಹೋಗಿ ಎಷ್ಟೋ ವರ್ಷ ಆಯ್ತು, ಆದರೂ ಮೊದಲ ತುತ್ತು ನುಂಗಿದ ಮೇಲೆ ಆ ಗಂಗಳ ಎಳೆಯೋ ಸದ್ದಿಗೆ ಕಿವಿ ಕಾಯುತ್ತೆ.

ನಿಮ್ಮ ಮನೇಲೂ ನೀವು ಉಂಡ ಮೇಲೇ ಉಣ್ಣೋರು ಒಬ್ಬರು ಇರ್ತಾರಲ್ಲ... ಇವತ್ತು ಅವರು ಉಂಡರಾ, ನೋಡಿದಿರಾ?