ಬೇಡಮ್ಮ ಕೇಳದೆ ಬಿಟ್ಟ ಮಾತು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಬೇಡಮ್ಮ ಎಂದೇ ಕರೆಯುತ್ತಿದ್ದರು. ಕಿತ್ತಳೆ ಸಿಪ್ಪೆ, ಹೂಮೊಗ್ಗು, ಈರುಳ್ಳಿ ಸಿಪ್ಪೆಗಳಿಂದ ತೆಗೆದ ಫ್ಲೇವನಾಯ್ಡ್ ಎಂಬ ಹಳದಿ ಸತ್ವದ ಪುಡಿಗಳು ಅಲ್ಲಿ ಶಕ್ತಿ ಮಾತ್ರೆಗಳಾಗುತ್ತಿದ್ದವು. ಆ ಪುಡಿಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಮಾಲಿನ ಜೊತೆ ಬಂದ ವರದಿಯನ್ನು ಪಕ್ಕಕ್ಕೆ ಸರಿಸಿ, "ಮಾರೋರು ತಮ್ಮ ಮಾಲು ಕೆಟ್ಟದ್ದು ಅಂತ ಬರೀತಾರೇನ್ರೀ?" ಎನ್ನುವಳು. ಪೀಪಾಯಿಯ ಮೇಲಿಂದ, ನಡುವಿನಿಂದ, ತಳದಿಂದ ಬೇರೆ ಬೇರೆಯಾಗಿ ಪುಡಿ ತೆಗೆಯುವಳು. ಅಗ್ಗದ ಇನ್ನೊಂದು ಹಳದಿ ಪುಡಿ ಬೆರೆಸಿದರೂ ಒಟ್ಟು ಫ್ಲೇವನಾಯ್ಡ್‌ನ ಅಂಕಿ ಸರಿಯಾಗಿಯೇ ಬರುತ್ತದೆ. ಅದಕ್ಕೇ ಗಾಜಿನ ತಟ್ಟೆಯ ಮೇಲೆ ಅಸಲಿ ಪುಡಿ ಕರಗಿಸಿದ ಒಂದು ಹನಿ, ಪಕ್ಕದಲ್ಲಿ ಬಂದ ಮಾಲಿನ ಹನಿ. ದೀಪದಡಿ ಅಸಲಿಯಲ್ಲಿಲ್ಲದ ಚುಕ್ಕೆಯೊಂದು ಇಲ್ಲಿ ಹೊಳೆದರೆ ಮುಗಿಯಿತು.

"ಬೇಡಮ್ಮಾ, ಇದಾದ್ರೂ ಪಾಸಾ?" ಎಂದು ಉಗ್ರಾಣದವನು ಕೇಳುವನು.

"ಬೇಡಪ್ಪಾ, ವಾಪಸ್ ಕಳ್ಸು."

"ನಿಮ್ಮ ಯಜಮಾನ್ರು ಅದ್ಹೇಗೆ ಪಾಸಾದ್ರೋ!"

"ಆಗಿನ್ನೂ ನನಗೆ ಈ ಕೆಲಸ ಸಿಕ್ಕಿರ್ಲಿಲ್ಲ."

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕಂಪನಿ ಅವಳನ್ನು ಆಯ್ಕೆಯ ಕೆಲಸಕ್ಕೆ ಕರೆದಿತ್ತು. ಸಿಪ್ಪೆ ಒಣಗಿಸುವ ಊರುಗಳಿಗೆ ಹೋಗಬೇಕು. ಕೊಳೆತದ್ದನ್ನು ಆರಿಸಿ ಬಿಸಾಡುತ್ತಾರೋ, ಸೇರಿಸಿಯೇ ರುಬ್ಬುತ್ತಾರೋ ಕಣ್ಣಾರೆ ನೋಡಿ, ಯಾರಿಂದ ಕೊಳ್ಳಬೇಕೆಂದು ಅವಳೇ ತೀರ್ಮಾನಿಸಬೇಕು. ಒಂದು ಇಡೀ ಹಂಗಾಮು ಮನೆಯಿಂದ ಹೊರಗೆ. ಮನಸ್ಸಿನಲ್ಲಿ ಅವಳಾಗಲೇ ಬಟ್ಟೆಬರೆ ತುಂಬಿಕೊಂಡಾಗಿತ್ತು.

ಗಂಡ ಅಡುಗೆಮನೆಯ ಬಾಗಿಲಿಗೆ ಒರಗಿ, "ನನ್ನದೇನೂ ಅಡ್ಡಿಯಿಲ್ಲ. ಅಮ್ಮ ಒಪ್ಪಲ್ಲ, ಅಷ್ಟೆ" ಎಂದ.

ಅತ್ತೆ ಪಕ್ಕದ ಕೋಣೆಯಲ್ಲೇ ಬಟ್ಟೆ ಮಡಿಸುತ್ತಿದ್ದರು. ಪೀಪಾಯಿಯ ತಳ ಕೆದಕದೆ ಬಿಡದವಳು ಆ ಕೋಣೆಗೆ ಹೋಗಿ ಒಂದು ಮಾತೂ ಕೇಳಲಿಲ್ಲ. ಮರುದಿನ ಕಾರ್ಖಾನೆಯಲ್ಲಿ "ಅತ್ತೆ ಬೇಡ ಅಂದ್ರು" ಎಂದುಬಿಟ್ಟಳು.

ಅವಳ ಬದಲಿಗೆ ಹೋದವನು ಅವಳ ಕೈಕೆಳಗೇ ಕೆಲಸ ಕಲಿತವನು. ಮುಂದೆ ಅವನೇ ಮ್ಯಾನೇಜರ್ ಆದ. ಅವನು ಆರಿಸಿ ತರಿಸಿದ್ದಕ್ಕೆ ಇವಳು ಬೇಡ ಎನ್ನುತ್ತ ಉಳಿದಳು. ಮನೆಯಲ್ಲಿ ಮಾತ್ರ ಯಾವುದಕ್ಕೂ ಬೇಡ ಎನ್ನಲಿಲ್ಲ. ಅತ್ತೆಗೆ ಹೊತ್ತುಹೊತ್ತಿಗೆ ಊಟ, ಔಷಧಿ, ಬಿಸಿನೀರು, ಒಗೆದ ಬಟ್ಟೆ. ಯಾವ ಕೊರತೆಯೂ ಇಲ್ಲ, ಹೆಚ್ಚಿನ ಮಾತೂ ಇಲ್ಲ. ಅತ್ತೆ ಹರಟೆಗೆ ಕರೆದರೆ "ಒಲೆ ಮೇಲೆ ಹಾಲಿದೆ" ಎಂದು ಎದ್ದುಬಿಡುವಳು. ಎಷ್ಟೋ ಸಲ ಒಲೆ ಆರಿಯೇ ಇರುತ್ತಿತ್ತು.

ಅವಳು ನಿವೃತ್ತಳಾದ ದಿನ ಮನೆಯವರನ್ನೂ ಕರೆದಿದ್ದರು. ಮ್ಯಾನೇಜರ್ ಮೈಕು ಹಿಡಿದು, "ಇಂಥ ಸೊಸೆ ಎಲ್ಲಿ ಸಿಗ್ತಾರೆ? ಅತ್ತೆ ಬೇಡ ಅಂದ್ರು ಅಂತ ಅಷ್ಟು ದೊಡ್ಡ ಅವಕಾಶಾನೇ ಬಿಟ್ಟುಕೊಟ್ಟರು!" ಎಂದು ಹೊಗಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ತಟ್ಟಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅತ್ತೆ ಕೇಳಿದರು. "ನಾನ್ಯಾವಾಗ ಬೇಡ ಅಂದ್ನೇ?"

"ನಿಮ್ಮ ಮಗ ಹೇಳಿದ್ರು."

ಅತ್ತೆ ಮಗನತ್ತ ತಿರುಗಿದರು. "ನನ್ನ ಕೇಳಿದ್ದೇನೋ?"

ಅವನು ಟೀವಿಯ ರಿಮೋಟ್ ಹುಡುಕುತ್ತ, "ಈಗ್ಯಾಕಮ್ಮಾ ಅದೆಲ್ಲ? ಕೇಳಿದ್ರೂ ನೀನು ಬೇಡ ಅಂತಾನೇ ಅಂತಿದ್ದೆ" ಎಂದ.

"ನನ್ನ ಬಾಯನ್ನ ನಿನ್ನ ಕೈಗೆ ಕೊಟ್ಟಿದ್ನೇನೋ? ಮನೆಮಂದಿಗೆ ಬೇಯಿಸಿಹಾಕೋಕೆ ನನಗೆ ಬರ್ತಿರ್ಲಿಲ್ವಾ? ಈ ಹುಡುಗಿ ನಾಲ್ಕು ಊರು ನೋಡ್ಕೊಂಡು ಬಂದು ನನಗೂ ಕತೆ ಹೇಳ್ತಿದ್ಲು."

ಹುಡುಗಿ! ತಲೆಯೆಲ್ಲ ಬೆಳ್ಳಗಾದ ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಅತ್ತೆ ಅವಳ ಮುಖವನ್ನೇ ನೋಡಿದರು. ಸಿಟ್ಟು ಇಳಿದಿತ್ತು. "ಅದಕ್ಕೇನೇ ನೀನು ನನ್ನ ಹತ್ರ ಕೂರ್ತಾನೇ ಇರ್ಲಿಲ್ಲ?"

ಗಂಡನಿಗೆ ಹೇಳಬೇಕಾದ ಮಾತುಗಳು ಅವಳ ಬಳಿ ಬೇಕಾದಷ್ಟಿದ್ದವು, ಅವನ್ನು ಆಡದೆ ಬಿಡುವವಳೂ ಅಲ್ಲ. ಈಗ ಮಾತ್ರ ಅವನತ್ತ ನೋಡದೆ ಅತ್ತೆಯ ಕಡೆಗೆ ಒಂದು ಹೆಜ್ಜೆ ಇಟ್ಟಳು.

ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಕೋಣೆಗೆ ಹೋದರು. ಅವಳೂ ಹಿಂದೆಯೇ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಅತ್ತೆ ಗೋಡೆಯ ಕಡೆಗೆ ಮಗ್ಗುಲಾಗಿ ಮಲಗಿದ್ದರು.

"ಈಗೇನು ಮಾತಾಡ್ತೀಯೇ," ಎಂದರು, ತಿರುಗದೆ. "ನನ್ನ ಕಿವಿನೂ ಮೊದಲಿನ ಹಾಗಿಲ್ಲ."